ಹನ್ನೊಂದು ಸಲ ಟ್ಯಾಬ್

ಮಾರ್ಚ್ 3, ಸೋಮವಾರ, ಮಧ್ಯಾಹ್ನ 1.40

ಬೆಳಗಿನಿಂದ ನೂರಾ ಹನ್ನೆರಡು ಕರೆ. ಮೂಳೆ ವಿಭಾಗ ಕೇಳಿದವರೇ ಹೆಚ್ಚು. ಒಬ್ಬರು ಆಸ್ಪತ್ರೆಗೆ ಫೋನ್ ಮಾಡಿ ಗ್ಯಾಸ್ ಸಿಲಿಂಡರ್ ಯಾವಾಗ ಬರುತ್ತೆ ಎಂದರು. ಅವರಿಗೂ ಸಮಾಧಾನ ಹೇಳಿ ಇಟ್ಟೆ.

ಊಟದ ಹೊತ್ತಿಗೆ ಕೀಗೊಂಚಲು ಬಂದಳು. ಆಸ್ಪತ್ರೆಯ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವವಳು. ಸೊಂಟದ ಕೀಗಳು ಅವಳಿಗಿಂತ ಮೊದಲೇ ಬಾಗಿಲು ದಾಟುತ್ತವೆ, ಅದಕ್ಕೇ ಆ ಹೆಸರು.

"ಮೇಡಂ, ನಿಮ್ಮ ಬ್ರೌಸರ್‌ಗೆ ಹನ್ನೆರಡು ವರ್ಷ. ಇಡೀ ಆಸ್ಪತ್ರೇಲಿ ಇದೊಂದೇ ಉಳಿದಿರೋದು. ಹೊಸದು ಹಾಕ್ಲಾ?"

"ಓಡ್ತಿದೆಯಲ್ಲಮ್ಮ."

"ಓಡ್ತಿಲ್ಲ, ತೆವಳ್ತಿದೆ."

ಬೇಡವೆಂದೆ. ವೈದ್ಯರ ಡ್ಯೂಟಿ ಪಟ್ಟಿ ತೆರೆಯುವುದು ಇದರಲ್ಲೇ. ಹನ್ನೊಂದು ಸಲ ಟ್ಯಾಬ್, ನಾಲ್ಕು ಸಲ ಕೆಳಬಾಣ, ಎಂಟರ್ — ಇಯರ್‌ಫೋನಿನಲ್ಲಿ ಕಂಪ್ಯೂಟರ್ ಹೆಸರು ಓದುತ್ತದೆ. ಆರು ಸೆಕೆಂಡ್. ಹುಟ್ಟಿನಿಂದ ಕಣ್ಣಿಲ್ಲದವಳನ್ನು ಆಸ್ಪತ್ರೆಯ ಟೆಲಿಫೋನ್ ಸ್ವಿಚ್‌ಬೋರ್ಡಿಗೆ ಕೂರಿಸುವುದೇ ಎಂದು ಮೂಗು ಮುರಿದವರು ಬಾಯಿ ಮುಚ್ಚಿದ್ದು ಈ ಆರು ಸೆಕೆಂಡಿನಿಂದ. ಹೊಸದರಲ್ಲಿ ತಡವರಿಸಿದರೆ? ಆ ಕಡೆ ಯಾರಿಗೋ ಉಸಿರು ಕಟ್ಟುತ್ತಿರುತ್ತದೆ.

"ನಿಮ್ಮಿಷ್ಟ. ಇನ್ನೊಂದು ವರ್ಷ ತಳ್ಳಬಹುದು." ಕೀಗಳು ಮುನಿಸಿಕೊಂಡು ಹೋದವು.

ಮಾರ್ಚ್ 9, ಭಾನುವಾರ

ಹತ್ತಕ್ಕೆ ಸರಿಯಾಗಿ ಅಕ್ಕನ ಫೋನ್. ಹೊಸ ಕಥೆ ಓದಿದಳು. ಅಂತರ್ಜಾಲ ಪತ್ರಿಕೆಯೊಂದಕ್ಕೆ ತಿಂಗಳಿಗೊಂದು ಬರೆಯುತ್ತಾಳೆ, ಇದು ಇಪ್ಪತ್ತಮೂರನೆಯದು. ನಾನೇ ತೆರೆದರೆ ಕಂಪ್ಯೂಟರ್ ಕನ್ನಡದ ಬದಲು 'ಕ್ವೆಶ್ಚನ್ ಮಾರ್ಕ್, ಕ್ವೆಶ್ಚನ್ ಮಾರ್ಕ್' ಎಂದು ಜಪ ಮಾಡುತ್ತದೆ. ಹಾಗಾಗಿ ಅಕ್ಕನೇ ಓದಬೇಕು. ಅವಳು ನನಗೆ ಮೇಲ್ ಬರೆಯುವುದೂ ಇಂಗ್ಲಿಷ್ ಅಕ್ಷರದಲ್ಲಿ. ಅವಳ 'ಹೇಗಿದ್ದೀಯ' ನನ್ನ ಕಿವಿಗೆ 'ಹೆಜಿಡಿಯಾ' ಆಗಿ ಬೀಳುತ್ತದೆ.

ಎಲ್ಲ ಕಥೆಯಲ್ಲೂ ಒಬ್ಬಳೇ ಪೋಸ್ಟ್ ಮಾಸ್ಟರಮ್ಮ. ಕಂಡವರ ಮನೆಯ ಜಗಳಕ್ಕೆಲ್ಲ ತಲೆ ಹಾಕುವವಳು.

"ಅಕ್ಕಾ, ಆ ಹೆಂಗಸಿಗೆ ಅಷ್ಟು ಜಂಭ ಯಾಕೆ? ಎಲ್ಲಾ ತನಗೇ ಗೊತ್ತು ಅನ್ನೋ ಥರ."

"ಓದೋರಿಗೆ ಅವಳೇ ಇಷ್ಟ ಕಣೇ."

"ದೂರ ಎಲ್ಲಿಗಾದ್ರೂ ವರ್ಗ ಮಾಡಿಸು ಅವಳನ್ನ."

ಅಕ್ಕ ಕೆಮ್ಮಿದಳು. ತುಂಬಾ ಹೊತ್ತು.

ಬ್ರೌಸರ್ ವಿಷಯ ಹೇಳಿದೆ. "ಬದಲಾಯಿಸ್ಬೇಡ! ನಾನು ಓದ್ತೀನಲ್ಲ," ಎಂದಳು ಥಟ್ಟನೆ. ನನ್ನ ಪರವಾಗಿಯೇ ಮಾತಾಡಿದಳು. ಆದರೂ ಯಾಕೋ...

ಮಾರ್ಚ್ 11, ಮಂಗಳವಾರ, ಊಟದ ಬಿಡುವು

ಕೀಗೊಂಚಲು ಬಾಗಿಲು ದಾಟುವಾಗ ಒಂದು ಮಾತು ಎಸೆದಳು. "ಹೊಸದು ಕನ್ನಡಾನೂ ಓದುತ್ತೆ ಮೇಡಂ."

ತುತ್ತು ಕೈಯಲ್ಲೇ ಉಳಿಯಿತು.

"ಮೊದಲೇ ಹೇಳೋಕೇನು ಧಾಡಿ ನಿಂಗೆ?"

"ಬಾಯಿ ತೆರೆಯೋಕೆ ಬಿಟ್ರಾ ನೀವು?"

ನಿಜ. ಒಪ್ಪಂದವಾಯಿತು. ಸ್ಟೋರ್ ರೂಮಿನ ಕಂಪ್ಯೂಟರ್‌ಗೆ ಹಾಕಿಕೊಡುವುದು. ಆರು ಸೆಕೆಂಡಿಗೆ ಇಳಿದರೆ ನನ್ನ ಸೀಟಿಗೂ ಹೊಸದು. ಇಳಿಯದಿದ್ದರೆ ಅವಳು ಮತ್ತೆ ಮಾತೆತ್ತುವ ಹಾಗಿಲ್ಲ.

ಆಗಲೇ ಹಾಕಿಕೊಟ್ಟಳು. ಮೊದಲ ಸಲ ಇಪ್ಪತ್ತೆಂಟು ಸೆಕೆಂಡ್. ಎಡಗೈಯಲ್ಲಿ ಹಲ್ಲುಜ್ಜಿದ ಹಾಗೆ. ಹನ್ನೊಂದು ಸಲ ಟ್ಯಾಬ್ ಒತ್ತಿದರೆ ಶವಾಗಾರದ ಪುಟ!

ಮಾರ್ಚ್ 13, ಗುರುವಾರ

ಹದಿನೇಳು.

ಮಾರ್ಚ್ 17, ಸೋಮವಾರ

ಒಂಬತ್ತು. ಕೀಗೊಂಚಲು ಗಡಿಯಾರ ಹಿಡಿದು ಕೂತರೆ ಕಾಲು ಸೆಕೆಂಡೂ ಬಿಡುವುದಿಲ್ಲ. ಬೆರಳು ಎಷ್ಟು ನೋಯುತ್ತಿದೆಯೆಂದರೆ ಈ ಬ್ರೈಲ್ ಚುಕ್ಕಿ ಚುಚ್ಚುವುದೂ ಕಷ್ಟ. ಇಷ್ಟಕ್ಕೇ ನಿಲ್ಲಿಸುತ್ತೇನೆ.

ಮಾರ್ಚ್ 20, ಗುರುವಾರ

ಐದು!

ಟ್ಯಾಬೇ ಬೇಡವಂತೆ. ನೇರವಾಗಿ ಹುಡುಕುವ ಜಾಗಕ್ಕೆ ಹಾರಲು ಒಂದು ಕೀ ಇದೆ. ವಿಭಾಗದ ಮೊದಲ ಮೂರು ಅಕ್ಷರ ಹೊಡೆದರೆ ಸಾಕು. "ಐದು ಮೇಡಂ, ಐದು!" ಎಂದು ತಬ್ಬಿಕೊಂಡಳು. ಕೀಗಳು ಹೊಟ್ಟೆಗೆ ಚುಚ್ಚಿದವು.

ಉಳಿದ ಬಿಡುವಿನಲ್ಲಿ ಅಕ್ಕನ ಕಥೆ ತೆರೆದೆ. ಮೂಗಿಗೆ ಬಟ್ಟೆ ಕ್ಲಿಪ್ ಹಾಕಿಕೊಂಡವನ ದನಿ. ಆದರೂ ಕನ್ನಡ! ಕಂಪ್ಯೂಟರ್ ಬಾಯಲ್ಲಿ 'ಳ' ಕೇಳಿದ್ದು ಇದೇ ಮೊದಲು. ಮೈ ಜುಮ್ಮೆಂದಿತು.

ಎರಡನೇ ಸಾಲಿಗೇ ತಡೆದೆ. ಮತ್ತೆ ಓದಿಸಿದೆ. 'ಟೆಲಿಫೋನ್ ಆಪರೇಟರಮ್ಮ ಕರೆ ಎತ್ತಿಕೊಂಡಳು.' ಪೋಸ್ಟ್ ಮಾಸ್ಟರಮ್ಮ ಎಲ್ಲಿ? ಹಿಂದಿನ ಕಥೆ ತೆರೆದೆ. ಅಲ್ಲೂ ಆಪರೇಟರಮ್ಮ. ಅದರ ಹಿಂದಿನದು. ಆಸ್ಪತ್ರೆ. ಕಣ್ಣು ಕಾಣದವಳು. ಕೆಮ್ಮು ಕೇಳಿಯೇ ಯಾವ ವಾರ್ಡಿಗೆ ಹೋಗಬೇಕೆಂದು ಹೇಳುವವಳು. ನನಗೆ ಓದುವಾಗ ಮಾತ್ರ ಅಕ್ಕ ಅವಳನ್ನು ಪೋಸ್ಟ್ ಆಫೀಸಿಗೆ ಸೇರಿಸಿಬಿಟ್ಟಿದ್ದಳು!

ನಕ್ಕೂ ನಕ್ಕೂ ಸ್ಟೂಲಿನಿಂದ ಜಾರಿದೆ.

"ಏನಾಯ್ತು ಮೇಡಂ?"

"ಎರಡು ವರ್ಷದಿಂದ ನನ್ನನ್ನ ನಾನೇ ಬೈಕೊಂಡಿದ್ದೀನಿ ಕಣಮ್ಮ. ವರ್ಗಾನೂ ಮಾಡಿಸೋದ್ರಲ್ಲಿದ್ದೆ."

ಮಾರ್ಚ್ 23, ಭಾನುವಾರ

ಮೂರು ಸಂಜೆ ಸ್ಟೋರ್ ರೂಮಿನಲ್ಲೇ ಕಳೆದೆ. ಇವತ್ತು ಅಕ್ಕನ ಫೋನ್ ಬಂದಾಗ ಹಲೋ ಎನ್ನಲಿಲ್ಲ. ಮೊದಲ ಕಥೆಯ ಮೊದಲ ಸಾಲನ್ನು ಬಾಯಿಪಾಠ ಒಪ್ಪಿಸಿದೆ.

ಅಕ್ಕ ಮೆಲ್ಲಗೆ ಕೇಳಿದಳು, "ಎಷ್ಟು ಓದಿದೆ?"

"ಇಪ್ಪತ್ತಮೂರೂ."

"ಕೋಪಾನಾ?"

"ಅವಳ ಜಂಭ ಮಾತ್ರ ಕಡಿಮೆ ಮಾಡ್ಬೇಡ ಅಕ್ಕಾ. ಅವಳಿಗೆ ಒಪ್ಪುತ್ತೆ."

ಅಕ್ಕ ನಗುತ್ತಲೇ ಅತ್ತಳು. "ಹೇಳಿದ್ರೆ ನೀನು ಬರೆಯೋಕೆ ಬಿಡ್ತಿರ್ಲಿಲ್ಲ. ನಿನ್ನ ಬಿಟ್ರೆ ನಂಗೆ ಬೇರೆ ಕಥೆ ಬರಲ್ಲ ಕಣೇ."

ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ, ಅಷ್ಟೆ.

ಮಾರ್ಚ್ 24, ಸೋಮವಾರ, ಮಧ್ಯಾಹ್ನ 1.35

ಸೀಟಿಗೆ ಹೊಸ ಬ್ರೌಸರ್ ಬಂತು. ಎಂಟೂವರೆಗೇ ಒಬ್ಬ ತಾಯಿಯ ಕರೆ, ಮಗು ಅಂಗಿಯ ಗುಂಡಿ ನುಂಗಿದೆ. ನಾಲ್ಕು ಸೆಕೆಂಡಿನಲ್ಲಿ ಮಕ್ಕಳ ಡಾಕ್ಟರಿಗೆ ಜೋಡಿಸಿದೆ. ಹನ್ನೊಂದಕ್ಕೆ ಅವರೇ ಮತ್ತೆ ಫೋನ್ ಮಾಡಿದರು. ಗುಂಡಿ ಹೊರಗೆ ಬಂತಂತೆ. ಹಿಂದೆ ಮಗು ಕೇಕೆ ಹಾಕುತ್ತಿತ್ತು.

ಈಗ ಬಿಡುವು. ಕಥೆಗಳ ಕೆಳಗೆ ಓದುಗರ ಮಾತುಗಳೂ ಇವೆ, ಇವತ್ತು ಸಿಕ್ಕವು. ಒಬ್ಬರು ಕೇಳಿದ್ದಾರೆ — 'ಇಂಥ ಹೆಂಗಸು ನಿಜವಾಗಿ ಎಲ್ಲಾದರೂ ಇದ್ದಾರೆಯೇ?' ಮೂರು ತಿಂಗಳಾದರೂ ಯಾರೂ ಉತ್ತರ ಕೊಟ್ಟಿಲ್ಲ.

ಒಂದೊಂದೇ ಅಕ್ಷರ ಒತ್ತಿದೆ. ತಪ್ಪಿತು, ಅಳಿಸಿದೆ, ಮತ್ತೆ ಒತ್ತಿದೆ. ಮೂಗಿನ ದನಿಯವನು ಓದಿ ಹೇಳಿದ — 'ಇದ್ದೇನೆ.'

ಇನ್ನೂ ಕಳಿಸಿಲ್ಲ. ಕೀಬೋರ್ಡಿನಿಂದ ಕೈ ತೆಗೆದು ಇದನ್ನು ಚುಚ್ಚುತ್ತಿದ್ದೇನೆ. ಬೋರ್ಡ್ ಗುಂಯ್‌ಗುಡಲು ಶುರುವಾಯಿತು. ಒಂದು ಲೈನ್, ಎರಡು... ಮೊದಲು ಎಂಟರ್ ಒತ್ತಿ, ಆಮೇಲೆ —