ಕತ್ತರಿ ಅತ್ತೆಯನ್ನು ಕೊಂದ ವಾರ

ಮಾರ್ಚ್ 3, ಸೋಮವಾರ. ಸಂಜೆ 5

ವಾರಪತ್ರಿಕೆಯ ಧಾರಾವಾಹಿಯ ಮೂವತ್ತೆಂಟನೇ ಕಂತು ಬರೆದು ಮುಗಿಯಿತು. ಎಂದಿನಂತೆ ಅಕ್ಕನಿಗೆ ಓದಿ ಹೇಳಿದೆ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಷೀನು, ಬಾಯಲ್ಲಿ ನಾಲ್ಕು ಗುಂಡುಸೂಜಿ, ಕಾಲು ಪೆಡಲ್ ಮೇಲೆ. ತಪ್ಪು ಕಂಡರೆ ಪೆಡಲ್ ನಿಲ್ಲುತ್ತದೆ. ಇವತ್ತು ನಿಂತಿತು. ಆರು ತಿಂಗಳ ಮಗುವಿಗೆ ಬಾಯಿ ತುಂಬ ಹಲ್ಲು ಕೊಟ್ಟಿದ್ದೆ.

"ಮಗುವೋ ಮೊಸಳೆಯೋ?" ಅಂದಳು.

ಅದನ್ನೇ ಕದ್ದು ಕಥೆಯ ಕತ್ತರಿ ಅತ್ತೆಯ ಬಾಯಿಗೆ ಹಾಕಿದೆ. ಅತ್ತೆಯ ಮಾತೆಲ್ಲ ಹೀಗೇ ಅಕ್ಕನಿಂದ ಬಂದದ್ದು. ಓದುಗರು ಜೀವ ಬಿಡುವುದು ಈ ಅತ್ತೆಗೇ. ನಾಯಕಿಯನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಮಧ್ಯಾಹ್ನ ಸಂಪಾದಕನ ಫೋನ್. "ಮೇಡಂ, ಕತ್ತರಿ ಅತ್ತೇನ ಮುಗಿಸಿಬಿಡಿ."

ಯಾಕೆ?

"ಜನಕ್ಕೆ ಅವರಂದ್ರೆ ಪ್ರಾಣ. ಅದಕ್ಕೇ. ಪತ್ರ ಹೆಂಗೆ ಬರುತ್ತೆ ನೋಡಿ."

ಪಾಪ ಅನಿಸಲ್ವಾ ಸಾರ್ ಅಂದೆ. "ಕೊಂದ ಪಾಪ ತಿಂದು ಪರಿಹಾರ" ಅಂತ ನಕ್ಕ. ಏನೋ ಅಗಿಯುತ್ತಲೇ ಮಾತಾಡುತ್ತಿದ್ದ. ಥೂ.

ಮಾರ್ಚ್ 6, ಗುರುವಾರ

ಕೊಂದೆ. ಎರಡೇ ಗಂಟೆಯಲ್ಲಿ. ಒಂದು ಚಿತ್ತಿಲ್ಲ, ಕಾಟಿಲ್ಲ. ಇಷ್ಟು ಚೆನ್ನಾಗಿ ಈ ವರ್ಷ ಏನೂ ಬರೆದಿಲ್ಲ. ಮುಗಿಸಿದಾಗ ಅಳು ಬರಲಿಲ್ಲ, ಹಸಿವಾಯಿತು. ಹೇಸಿಗೆಯಾಗುತ್ತಿದೆ ನನ್ನ ಮೇಲೆ.

ಸಾವನ್ನು ಎಲ್ಲಿಂದ ತರಲಿ? ಹತ್ತಿರ ಇದ್ದದ್ದು ಅಮ್ಮನದು ಒಂದೇ. ಅದೂ ನನ್ನದಲ್ಲ, ಅಕ್ಕನದು. ನಾನು ಅವತ್ತು ಊರಲ್ಲಿರಲಿಲ್ಲ. ಮಧ್ಯಾಹ್ನ ಮೂರು ಗಂಟೆ. "ಲೈಟ್ ಆರಿಸೇ, ಸುಮ್ನೆ ಉರೀತಿದೆ" ಅಂದಳಂತೆ ಅಮ್ಮ. ಅಕ್ಕ ಎದ್ದು ಹೋಗಿ, ಸ್ವಿಚ್ ಒತ್ತಿ, ತಿರುಗುವಷ್ಟರಲ್ಲಿ... "ಬೆನ್ನು ಹಾಕಿ ನಿಂತಿದ್ದೆ ಕಣೆ" ಅಂತ ಒಂದೇ ಒಂದು ಸಲ ಹೇಳಿದ್ದಳು. ಹನ್ನೊಂದು ವರ್ಷವಾಯಿತು. ಮತ್ತೆ ಆ ಮಾತು ಎತ್ತಿಲ್ಲ.

ಕಥೆಯಲ್ಲಿ ಎದ್ದು ಹೋಗುವವಳು ಅತ್ತೆಯ ಸೊಸೆ. ನಾನು ಮಾಡಿದ ಬದಲಾವಣೆ ಅಷ್ಟೇ.

ಅಕ್ಕನಿಗೆ ಓದಿ ಹೇಳಲಿಲ್ಲ. ಅರ್ಜೆಂಟಿತ್ತು, ಕಳಿಸಿಬಿಟ್ಟೆ ಅಂದೆ.

ಮಾರ್ಚ್ 19, ಬುಧವಾರ

ಪತ್ರಿಕೆ ಬಂತು. ಮುಖಪುಟದ ಮೇಲೆ ದಪ್ಪಕ್ಷರದಲ್ಲಿ — "ಲೈಟ್ ಆರಿಸೇ, ಸುಮ್ನೆ ಉರೀತಿದೆ." ಪಕ್ಕದಲ್ಲೇ ಹೇರ್ ಆಯಿಲ್ ಜಾಹೀರಾತು.

ಬಚ್ಚಿಡೋಣ ಅಂತ ಎದ್ದೆ. ಅಷ್ಟರಲ್ಲಿ ಅಳತೆ ಕೊಡಲು ಬಂದ ಟೀಚರ್ ಶುರು ಮಾಡಿದ್ದಳು. "ಏನ್ ಬರೀತಾರೆ ನಿಮ್ ತಂಗಿ! ಆ ಲೈಟ್ ಆರಿಸೋ ಸೀನು..." ಕಣ್ಣೊರೆಸಿಕೊಳ್ಳುತ್ತ ಪೂರ್ತಿ ಹೇಳಿದಳು. ಅಕ್ಕನಿಗೆ. ಅಕ್ಕನದನ್ನೇ. ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಟೇಪು ಹಿಡಿದ ಅಕ್ಕನ ಕೈ ಟೀಚರ್ ಸೊಂಟದ ಹತ್ತಿರ ಹಾಗೇ ಇತ್ತು.

"ಮೂವತ್ನಾಲ್ಕು" ಅಂದಳು ಕೊನೆಗೆ. ಬರೆದುಕೊಂಡಳು.

ಆಮೇಲೆ ಇಡೀ ದಿನ ಮಷೀನಿನ ಸದ್ದಿಲ್ಲ.

ಮಾರ್ಚ್ 20

ಕಾಲು ಹಿಡಿಯುವುದೊಂದು ಬಾಕಿ. ಅಕ್ಕ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಸಾಯಿಸಿದ್ದಕ್ಕಲ್ಲ ಕಣೆ. ಕಥೇಲಿ ಜನ ಸಾಯ್ತಾರೆ. ಅದೊಂದನ್ನ ನಾನು ಮಡಚಿ ಒಳಗಿಟ್ಟಿದ್ದೆ. ನೀನು ತಗೊಂಡೋಗಿ ಸಂತೇಲಿ ಹರವಿದೆ."

ಸೂಜಿಗೆ ದಾರ ಪೋಣಿಸುತ್ತ — "ಇನ್ಮೇಲೆ ನಂಗೆ ಓದಿ ಹೇಳ್ಬೇಡ."

ಏಪ್ರಿಲ್ 9, ಬುಧವಾರ

ಮೂರು ವಾರ. ಒಂದೇ ಮನೆ. "ಉಪ್ಪು." "ಬಾಗಿಲು ಹಾಕು." ಮಾತು ಇಷ್ಟೇ. ಕಂತುಗಳನ್ನು ಗೋಡೆಗೆ ಓದಿ ಕಳಿಸುತ್ತಿದ್ದೇನೆ.

ಇವತ್ತಿನ ಸಂಚಿಕೆ ಎರಡೆರಡು ಸಲ ಓದಿದೆ. ನಲವತ್ತೆರಡನೇ ಕಂತು, ಮೂರನೇ ಪ್ಯಾರಾ. ಕತ್ತರಿ ಅತ್ತೆ ಅಡುಗೆಮನೆಯಿಂದ ಇಣುಕಿ, "ಹಾಲು ಉಕ್ತಿದೆ, ನಿಮ್ಮ ಪ್ರೇಮ ಆಮೇಲೆ" ಅನ್ನುತ್ತಾಳೆ! ಸತ್ತು ಮೂರು ವಾರದ ಮೇಲೆ! ಕೈಯ ಚಾಳಿ. ಪ್ರೆಸ್ಸಿನಲ್ಲೂ ಒಬ್ಬರೂ ಹಿಡಿದಿಲ್ಲ. ಅಕ್ಕನಿಗೆ ಓದಿದ್ದರೆ ಪೆಡಲ್ ನಿಲ್ಲುತ್ತಿತ್ತು.

ಏಪ್ರಿಲ್ 11

ಬೈಗುಳಕ್ಕೆ ಕಾದಿದ್ದೆ. ಸಂಪಾದಕನಿಗೆ ಸ್ವರ್ಗ ಮೂರೇ ಗೇಣು. "ಫೋನ್ ಮೇಲೆ ಫೋನು ಮೇಡಂ! ಅತ್ತೆ ಬದುಕಿದ್ದಾರಾ ಅಂತ! ಬದುಕಿಸಿಬಿಡಿ."

"ಮಣ್ಣು ಮಾಡಿ ಆಯ್ತಲ್ಲ ಸಾರ್, ನಲವತ್ತನೇ ಕಂತಲ್ಲಿ."

"ಅದು ಬೇರೆ ಯಾರದೋ ಬಾಡಿ ಅನ್ನಿ. ಅತ್ತೆಗೆ ಬರೀ ಮೂರ್ಛೆ. ಲೈಟ್ ಹಾಕಿದ ತಕ್ಷಣ ಕಣ್ಣು ಬಿಟ್ರು — ಹೆಂಗೆ?"

ಆಗದಿದ್ದರೆ ಧಾರಾವಾಹಿ ನಿಲ್ಲಿಸುತ್ತಾನಂತೆ.

ನಾಚಿಕೆಯಾಯಿತು. ಅವನ ಮಾತಿಗಲ್ಲ. ಬೇರೆ ಬಾಡಿ ಯಾರದ್ದಿರಬಹುದು ಅಂತ ಒಂದು ನಿಮಿಷ ಯೋಚಿಸಿದೆನಲ್ಲ, ಅದಕ್ಕೆ.

ಏಪ್ರಿಲ್ 13, ಭಾನುವಾರ. ಮಧ್ಯಾಹ್ನ 2.30

ಸಂಪಾದಕನಿಗೆ ಫೋನ್ ಮಾಡಿದೆ. ನನ್ನದೇ ಕೈತಪ್ಪು, ತಿದ್ದುಪಡಿ ಹಾಕಿ, ಸತ್ತವಳು ಸತ್ತಳು ಅಂದೆ. "ಹಾಗಾದ್ರೆ ಮುಂದಿನ ವಾರಕ್ಕೇ ಮಂಗಳ ಹಾಡಿ" ಅಂದ. ಹಾಡೋಣ.

ಹೋಗಿ ಮಷೀನಿನ ಮುಂದೆ ನಿಂತೆ. "ಪುಸ್ತಕ ಮಾಡುವಾಗ ಆ ಸಾವನ್ನೇ ತೆಗೆದುಬಿಡ್ತೀನಿ ಅಕ್ಕ. ಅತ್ತೆ ಬದುಕಿರ್ಲಿ."

ಬಾಯಿಂದ ಸೂಜಿ ಒಂದೊಂದೇ ತೆಗೆದಳು.

"ಬೇಡ. ಸಾಯ್ಲಿ. ಸತ್ತವರನ್ನ ಎಬ್ಬಿಸಿ ಆಟ ಆಡ್ಬಾರದು." ಕಾಲು ಪೆಡಲ್ ಮೇಲಿತ್ತು, ಒತ್ತಲಿಲ್ಲ. "ಆದ್ರೆ ಆ ಸೊಸೆ ಎದ್ದು ಹೋಗೋದು ಬೇಡ ಕಣೆ. ಲೈಟ್ ಉರೀಲಿ ಬಿಡು."

3.15

ಸ್ಟೂಲ್ ಎಳೆದುಕೊಂಡು ನನ್ನ ಮೇಜಿನ ಪಕ್ಕ ಕೂತಿದ್ದಾಳೆ. ಆ ಸಾವನ್ನು ಒಂದೊಂದು ಸಾಲೂ ಓದಿ ಹೇಳಿ ಮತ್ತೆ ಬರೆಯುತ್ತಿದ್ದೇನೆ. ಅತ್ತೆ ಲೈಟ್ ಆರಿಸು ಅನ್ನುತ್ತಾಳೆ. ಸೊಸೆ "ಆರಿಸ್ತೀನಿ, ತಡಿ" ಅನ್ನುತ್ತಾಳೆ. ಅತ್ತೆಯ ಕೈ ಬಿಡುವುದಿಲ್ಲ.

ಇಷ್ಟೇ ಸಾಕಾ ಅಂತ ಕೇಳಿದೆ.

"ಈಗ್ಲೇ ಬೇಡ" ಅಂದಳು. "ಇನ್ನೂ ಸ್ವಲ್ಪ ಹೊತ್ತು."

ಸೊಸೆ ಕೂತೇ ಇದ್ದಾಳೆ. ಲೈಟ್ ಉರಿಯುತ್ತಿದೆ. ಅತ್ತೆ ಇನ್ನೂ...