ನವಿಲು ನೀಲಿ ಸೀರೆಯ ಫ್ರಾಕು

ಜನವರಿ ೯, ೧೯೮೮
ಮಷಿನ್ನಿಗೆ ಎಣ್ಣೆ ಬಿಟ್ಟೆ. ಎರಡು ರವಿಕೆ ಮುಗಿಸಿದೆ. ನಾದಿನಿ ಪಂಕಜ ಶಿಫ್ಟ್ ಮುಗಿಸಿ ಬಂದವಳು ಪಕ್ಕದಲ್ಲೇ ಕೂತಳು. ಹೊಸೂರಿನ ಅವಳ ವಾಚ್ ಫ್ಯಾಕ್ಟರಿಯಲ್ಲಿ ಫಂಕ್ಷನ್. ಹುಡುಗಿಯರು ಹೊಸ ವಾಚು ಕಟ್ಟಿಕೊಂಡು ಸ್ಟೇಜ್ ಮೇಲೆ ನಡೆಯಬೇಕಂತೆ.
"ಅತ್ಗೆ, ಒಂದು ಫ್ರಾಕು ಹೊಲ್ಕೊಡು. ಮಂಡಿಯಿಂದ ಗೇಣು ಮೇಲಕ್ಕಿರ್ಬೇಕು."
"ನಿಮ್ಮ ಚಿಕ್ಕಣ್ಣ ಅಂಜನಪ್ಪ ನೋಡಿದ್ರೆ?"
"ಕೆಲ್ಸ ಬಿಡಿಸ್ಬುಡ್ತಾನೆ. ಅವ್ನಿಗ್ಯಾಕೆ ಗೊತ್ತಾಗ್ಬೇಕು?"
ಇಪ್ಪತ್ತೆರಡು ವರ್ಷ ಇವಳಿಗೆ. ನಮ್ಮೆಜಮಾನರು ಇದ್ದಿದ್ದರೆ ತಂಗಿಯ ಮಾತಿಗೆ ನಕ್ಕುಬಿಡುತ್ತಿದ್ದರು...

ಜನವರಿ ೧೨
ಹೊಸ ಬಟ್ಟೆ ಕೊಂಡರೆ ನಮ್ಮ ಕೆಲಮಂಗಲದ ಊರಿಗೆಲ್ಲ ಸುದ್ದಿ. ಟ್ರಂಕ್ ತೆಗೆದೆ. ನವಿಲು ನೀಲಿ ಸೀರೆ. ಅವರು ತಂದದ್ದು, ಒಂದೇ ಸಲ ಉಟ್ಟದ್ದು. ಅವರ ತಿಥಿಯಾದ ಮೇಲೆ ಅತ್ತೆ ನನ್ನ ಬಣ್ಣದ ಸೀರೆಗಳನ್ನೆಲ್ಲ ಈ ಟ್ರಂಕಿನೊಳಗೆ ಹಾಕಿ, "ಪಂಕಜನ್ ಮದ್ವೆಗಾಗ್ತವೆ" ಅಂದಿದ್ದರು. ನನ್ನನ್ನು ಕೇಳಲಿಲ್ಲ.
ಸೀರೆ ಉಡುವಾಗ ಒಳಗೆ ಸಿಕ್ಕಿಸುವ ತುದಿಗೆ ಕತ್ತರಿ ಇಟ್ಟೆ. ಅಲ್ಲಾದರೆ ಕತ್ತರಿಸಿದ್ದು ಕಾಣದು.

ಜನವರಿ ೧೯
ಬಾಗಿಲು ಹಾಕಿಕೊಂಡು ಫಿಟ್ಟಿಂಗ್ ನೋಡಿದೆ. ಫ್ರಾಕು ಒಂದೇ, ಹಾಕುವ ಬಗೆ ಬೇರೆ ಬೇರೆ. ಬಸ್ಸಿಗೆ — ಕೆಳಗೆ ಪ್ಯಾಂಟು, ಜುಬ್ಬದ ಹಾಗೆ ಕಾಣುತ್ತದೆ. ಗೆಳತಿಯ ಬರ್ತ್‌ಡೇಗೆ ಉದ್ದ ಲಂಗದೊಳಗೆ ಸಿಕ್ಕಿಸಿದರೆ ರವಿಕೆ. ಮನೆಗೆ ಬರುವಾಗ ಮೇಲೆ ಸೀರೆ. ಸ್ಟೇಜಿಗೆ ಮಾತ್ರ ಬರೀ ಫ್ರಾಕು, ಬೆಲ್ಟು, ಒಳಗೆ ಅದೇ ಬಟ್ಟೆಯ ಚಡ್ಡಿ.
"ಅತ್ಗೆ, ನನ್ ಕಾಲು ಕೋಳಿ ಕಾಲಿನಂಗೈತಾ?"
"ಕೊಕ್ಕರೇದು."
ಎಷ್ಟೋ ತಿಂಗಳ ಮೇಲೆ ನಕ್ಕೆ. ಹೊರಗೆ ಅತ್ತೆ ಕೆಮ್ಮಿದರು. ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ಜನವರಿ ೨೪
ಫಂಕ್ಷನ್ನಿನಲ್ಲಿ ಪಂಕಜಳಿಗೆ ಚಪ್ಪಾಳೆಯೋ ಚಪ್ಪಾಳೆಯಂತೆ. ಫ್ರಾಕು ಒಗೆದು, ಉಳಿದ ಸೀರೆಯ ಮಡಿಕೆಯೊಳಗೇ ಇಟ್ಟೆ. ಟ್ರಂಕಿಗೆ ಬೀಗ.

ಫೆಬ್ರವರಿ ೧೦
ನಾಡಿದ್ದು ಪಂಕಜಳನ್ನು ನೋಡಲು ಜವಳಗಿರಿಯಿಂದ ಗಂಡಿನ ಕಡೆಯವರು ಬರುತ್ತಾರೆ. ಅತ್ತೆ ಟ್ರಂಕಿನ ಬೀಗದ ಕೈ ಇಸಿದುಕೊಂಡರು. "ಆ ನೀಲಿ ಸೀರೇನೇ ಉಟ್ಕಳ್ಲಿ." ಇಸ್ತ್ರಿ ಮಾಡಿಕೊಡುತ್ತೇನೆ ಅಂದೆ. "ನಾಳೆ ನಾನೇ ತೆಗೀತೀನಿ ಬಿಡಮ್ಮ." ಫ್ರಾಕು ಆ ಮಡಿಕೆಯೊಳಗೇ ಇದೆ.

ಫೆಬ್ರವರಿ ೧೧, ಮಧ್ಯಾಹ್ನ
ಅತ್ತೆ ಸೀರೆ ಕೊಡವಿದರು. ಫ್ರಾಕು ಕೆಳಗೆ ಬಿತ್ತು. ಅಂಜನಪ್ಪ ಎತ್ತಿಕೊಂಡ. ಹೋಗಿ ಬಾಗಿಲಿಗೆ ಅಡ್ಡ ನಿಂತ.
"ಇದಾ ನೀನು ಫ್ಯಾಕ್ಟ್ರೀಲಿ ಹಾಕ್ಕೊಳ್ಳೋದು? ಇವತ್ತಿಗೆ ಮುಗೀತು ನಿನ್ ಕೆಲ್ಸ!"
ಪಂಕಜ ಯೂನಿಫಾರ್ಮ್ ಹಾಕಿ, ಡಬ್ಬಿ ಹಿಡಿದು ನಿಂತಿದ್ದಳು.
"ಕತ್ತರಿಸಿದ್ದು ನಾನು," ಅಂದೆ. "ನನ್ ಸೀರೆ. ನಿಮ್ಮಣ್ಣ ನಂಗೆ ತಂದಿದ್ದು."
ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.
ಹೊರಗೆ ಕಂಪನಿ ಬಸ್ಸಿನ ಹಾರನ್.
"ಬಿಡಬ್ಯಾಡ ಕಣ್ಲಾ," ಅಂದರು ಅತ್ತೆ.
ಅಂಜನಪ್ಪ ಕೈಯಲ್ಲಿದ್ದ ನೀಲಿ ಬಟ್ಟೆ ನೋಡಿದ. ಆ ಸೀರೆ ತರುವ ದಿನ ಅಣ್ಣನ ಜೊತೆ ಅಂಗಡಿಗೆ ಹೋಗಿದ್ದವನು ಇವನೇ. ಇನ್ನೊಂದು ಸಲ ಹಾರನ್. ಬಾಗಿಲಿನಿಂದ ಸರಿದ. ಪಂಕಜ ಓಡಿದಳು.
ಫ್ರಾಕನ್ನು ನನ್ನ ಮಷಿನ್ ಮೇಲೆ ಇಟ್ಟು ಹೋಗಿದ್ದಾನೆ. ಅತ್ತೆ ಒಳಗೆ ಅಳುತ್ತಿದ್ದಾರೆ. ಸಂಜೆಗೆ ಏನಾಗುತ್ತದೋ. ಅವನ ಹಿಡಿತಕ್ಕೆ ಅಂಚಿನ ಹೊಲಿಗೆ ಬಿಚ್ಚಿದೆ. ನೀಲಿ ದಾರ ಇನ್ನೂ ಇದೆ. ಪೋಣಿಸಿ ಈಗಲೇ ಹೊಲಿದುಬಿಡುತ್ತೇನೆ.