ಅಕ್ಕನ ಪಾದದ ಬಿಸಿ

ಆಸ್ಪತ್ರೆಯ ಹೊರಗಿನ ಬೆಂಚು,
ಭಾನುವಾರ

ಪ್ರೀತಿಯ ಮೆಣಸಿನಕಾಯಿಗೆ ಸೋದರಮಾವನ ಆಶೀರ್ವಾದ.

ನನ್ನನ್ನು ಕೇಳದೆ ಈ ಊರಿನ ಡಾಕ್ಟರುಗಳು ಈಗ ಒಂದು ಮಾತ್ರೆಯನ್ನೂ ಬರೆಯುವುದಿಲ್ಲ, ಗೊತ್ತಾ? ಏಳನೇ ಕ್ಲಾಸು ಓದಿದ ನಿನ್ನ ಮಾವನ ಮುಂದೆ ದೊಡ್ಡ ಡಾಕ್ಟರೇ ನಿಂತುಕೊಂಡೇ ಮಾತಾಡುತ್ತಾರೆ. ಇದ್ದ ಒಂದು ಕುರ್ಚಿಯಲ್ಲಿ ನಾನು ಕೂತಿದ್ದೆ ಅನ್ನುವುದು ಬೇರೆ ಮಾತು. ಅದಿರಲಿ, ನೀನು ಹೇಗಿದ್ದೀಯ? ಹಡಗಿನವರಿಗೆಲ್ಲ ಬೇಯಿಸಿ ಬಡಿಸಿ, ಕೊನೆಗೆ ಪಾತ್ರೆಯ ತಳ ಕೆರೆದುಕೊಂಡು ಉಣ್ಣುತ್ತೀಯೋ ಹೇಗೆ? ನಾಳಿದ್ದು ದಡ ಸೇರುತ್ತೀಯಂತೆ. ಈ ಕಾಗದವನ್ನು ನಿನ್ನ ಕಚೇರಿಯವರ ಕೈಗೇ ಕೊಡುತ್ತೇನೆ.

ನಿನ್ನ ಅಮ್ಮನ ಹೆಬ್ಬೆರಳಿನ ಗಾಯ ನಿನಗೆ ಗೊತ್ತೇ ಇದೆ. ಸಕ್ಕರೆ ಕಾಯಿಲೆಯ ಕಾಲು, ಚುಚ್ಚಿದರೂ ತಿಳಿಯದು. ರಕ್ತನಾಳದ ಆಪರೇಷನ್ ಆಗಬೇಕು ಅಂದಾಗ ಅಕ್ಕ ಹೆದರಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಆಗ ನಾನು, ಕತ್ತರಿ ಹಾಕದೆಯೇ ರಕ್ತನಾಳ ತೆರೆಯುತ್ತೆ ಅಂತ ಅಂಗಡಿಯವನು ಹೇಳಿದ ಆ ಗಾಳಿಯ ಚೀಲ ತಂದೆ. ಹಾಸಿಗೆಯಷ್ಟು ಉದ್ದ, ಜಿಪ್ಪು, ಅಂಗೈಯಗಲದ ಕಿಟಕಿ. ಒಳಗೆ ಮಲಗಿದರೆ ಪಂಪು ಗಾಳಿ ಒತ್ತುತ್ತೆ, ಮೂಗಿಗೆ ಆಮ್ಲಜನಕದ ನಳಿಗೆ. "ನನ್ನನ್ನೇನು ಮೂಟೆ ಕಟ್ಟುತ್ತೀಯೇನೋ, ಕತ್ತೆ!" ಅಂದಳು. ಒಬ್ಬಳೇ ಹೋಗಲು ಒಪ್ಪಲಿಲ್ಲ, ನಾನೂ ನುಗ್ಗಿದೆ. ಚಿಕ್ಕಂದಿನಲ್ಲಿ ಒಂದೇ ಕಂಬಳಿಗೆ ಕಿತ್ತಾಡಿದವರು, ಈ ವಯಸ್ಸಲ್ಲಿ ಮತ್ತೆ ಮೊಣಕೈ ತಿವಿದುಕೊಂಡು ಮಲಗಿದೆವು. ಕಿವಿ ಕಟ್ಟಿಕೊಂಡಿತು, ಎಂಜಲು ನುಂಗಿದರೆ ಪಟ್ಟಂತ ಬಿಟ್ಟಿತು. ಆಮೇಲೆ ಅವಳಿಗೆ ಒಳ್ಳೆ ನಿದ್ದೆ, ಹಸಿವು. ಕೆಲವು ದಿನಗಳಲ್ಲಿ ಪಾದವೂ ಬೆಚ್ಚಗಾಯಿತು. ದಿನಾ ಮುಟ್ಟಿ ನೋಡಿ, "ರಕ್ತ ಹರೀತಿದೆ ಅಕ್ಕಾ, ಗೆದ್ದೆವು" ಅಂತ ನಾನೇ ತೀರ್ಪು ಕೊಡುತ್ತಿದ್ದೆ. ಪಾಪ, ನಂಬಿದಳು. ಆಪರೇಷನ್ನನ್ನು ಇಬ್ಬರೂ ಸೇರಿ ಮುಂದೂಡಿದೆವು.

ಆ ಬಿಸಿ ಸೋಂಕಿನದು, ಕೂಸೇ. ಒಳಗೊಳಗೇ ಕೀವಾಗಿತ್ತು.

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಅಷ್ಟು ಕಡಿಮೆ ಒತ್ತಡಕ್ಕೆ ಹಾಯೆನಿಸಬಹುದು, ನಿದ್ದೆ ಬರಬಹುದು. ಕಟ್ಟಿದ ರಕ್ತನಾಳ ತೆರೆಯುವುದಿಲ್ಲ" ಅಂದರು. ಹೆಬ್ಬೆರಳು ಹೋಯಿತು. ಪಾದ ಉಳಿಯಬೇಕಾದರೆ ಈ ವಾರವೇ ನಾಳದ ಆಪರೇಷನ್ ಆಗಬೇಕು. ಅಕ್ಕ ಈಗ ಒಪ್ಪಿದ್ದಾಳೆ. ಬೆರಳು ತೆಗೆದಾದ ಮೇಲೆ ಎಚ್ಚರವಾದ ಕೂಡಲೇ ನನ್ನನ್ನು ಕೇಳಿದ್ದು, "ಏನಾದರೂ ತಿಂದೆಯೇನೋ?" ಅಂತ. ಹೊರಗೆ ಬಂದು ಈ ಕಾಗದ ಬರೆಯುತ್ತಾ ಕೂತಿದ್ದೇನೆ.

ಕಡಲು ನಿನ್ನನ್ನು ಕ್ಷೇಮವಾಗಿ ದಡಕ್ಕೆ ತಂದು ಬಿಡಲಿ.

ನಿನ್ನ ಮಾವ

ಇನ್ನೊಂದು ಮಾತು: ಚೀಲ ನನ್ನ ಉಳಿತಾಯದಲ್ಲಿ ಕೊಂಡಿದ್ದು ಅಂತ ಫೋನಿನಲ್ಲಿ ಕೊಚ್ಚಿಕೊಂಡಿದ್ದೆನಲ್ಲ, ಸುಳ್ಳು. ಆಪರೇಷನ್ನಿಗೆಂದು ನೀನು ಕಳಿಸಿದ ದುಡ್ಡು ಅದು. ಮಾರಿದವನು ಅಂಗಡಿ ಮುಚ್ಚಿ ಹೋಗಿದ್ದಾನೆ. ಅಕ್ಕನಿಗೆ ಇನ್ನೂ ಗೊತ್ತಿಲ್ಲ. "ಸ್ವಲ್ಪ ಖರ್ಚಾಯಿತು" ಅಂತ ಬರೆದು ಹೊಡೆದುಹಾಕಿದೆ. ಹೋದದ್ದು ಮೂರು ಲಕ್ಷದ ಹತ್ತು ಸಾವಿರ. ಅಷ್ಟೂ.